ರಾಟೆಗೆ ಹಾಕದ ಹಗ್ಗ

ಬೆಂಗಳೂರಿನ ಕೋಗಿಲಿನಲ್ಲಿ ನಾನಿರುವ ಬಾಡಿಗೆ ಮನೆಯ ತಾರಸಿಯಲ್ಲಿ ಆಂಟೆನಾ ಕಂಬ ನಿಲ್ಲಿಸಿದ ದಿನದ ಬಗ್ಗೆ ನನ್ನ ಡೈರಿಯಲ್ಲಿ ಆರು ಸಾಲುಗಳಿವೆ. ಅವುಗಳಲ್ಲಿ ಒಂದು ಸುಳ್ಳು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತೇ? ನೆನಪಿಲ್ಲ. ನೆನಪಿಲ್ಲ ಎನ್ನುವುದನ್ನೂ ಪೂರ್ತಿ ನಂಬಲಾರೆ.

ಹವ್ಯಾಸಕ್ಕಾಗಿ ಮನೆಯಿಂದಲೇ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊದ ಪರವಾನಗಿ ಬಂದು ವರ್ಷವಾಗಿದ್ದರೂ ಆಂಟೆನಾ ಇಲ್ಲದೆ ಸೆಟ್ಟು ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಕೆಳಗಿನ ಮನೆಯಲ್ಲಿದ್ದ ಓನರ್ ಅಜ್ಜಿ ಎಷ್ಟೋ ಸಲ ಕೇಳಿದ ಮೇಲೆ ಒಪ್ಪಿದರು. ತಾರಸಿಗೆ ತೂತು ಕೊರೆಯಬಾರದು, ಭಾನುವಾರ ಬೆಳಿಗ್ಗೆ ಎಂಟರೊಳಗೆ ಮುಗಿಸಬೇಕು, ಆಮೇಲೆ ಅವರು ಸಂಡಿಗೆ ಇಡುತ್ತಾರೆ. "ತಪ್ಪಿದ್ರೆ ಕಂಬ ಎತ್ಕಂಡು ಓಗ್ತಿರ್ಬೇಕು, ಅಷ್ಟೆ," ಎಂದಿದ್ದರು.

ತೂತು ಬೇಡವೆಂದು ಹಳೆ ಪೇಂಟ್ ಬಕೆಟ್ಟಿಗೆ ಕಾಂಕ್ರೀಟ್ ತುಂಬಿ, ಕಂಬ ಕೂರಿಸಲು ಅದರಲ್ಲೊಂದು ಗಿಡ್ಡ ಪೈಪು ನೆಟ್ಟಿದ್ದೆ. ಭಾನುವಾರ ಬಾಗಲಗುಂಟೆಯಿಂದ ಗೆಳೆಯನೊಬ್ಬ ಬೆಳಿಗ್ಗೆ ಆರಕ್ಕೇ ಬಂದ. ಅವನೂ ಹ್ಯಾಮ್. ಇಬ್ಬರೂ ಸೇರಿ ಹದಿನೈದು ಅಡಿಯ ಕಂಬವನ್ನು ಎತ್ತಿ ಕೂರಿಸಿದೆವು. ಮುಂದೊಂದು ಅಂತಸ್ತು ಕಟ್ಟಲೆಂದು ಬಿಟ್ಟಿದ್ದ ಪಿಲ್ಲರ್ ಕಂಬಿಗಳಿಗೆ ಮೂರು ಕಡೆಯಿಂದ ತಂತಿ ಬಿಗಿದೆವು. ಕಂಬದ ತುದಿಯಲ್ಲಿ ಸಣ್ಣದೊಂದು ರಾಟೆ. ಅದರ ಹಗ್ಗ ಎಳೆದರೆ ಆಂಟೆನಾ ಮೇಲೇರಬೇಕು.

"ಸೂಪರ್ ಆಗಿ ನಿಂತಿದೆ ಗುರು. ಎಳಿ ಹಗ್ಗ," ಎಂದ ಗೆಳೆಯ.

ರಾಟೆಯಲ್ಲಿ ಹಗ್ಗವೇ ಇರಲಿಲ್ಲ.

ಅಷ್ಟರಲ್ಲಿ ಎಂಟಾಗಿ, ಅಜ್ಜಿ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕಂಬದ ತುದಿ ನೋಡಿದರು, ನಮ್ಮನ್ನು ನೋಡಿದರು.

"ಬಾವಿಗೆ ರಾಟೆ ಕಟ್ಟೋರು ಅಗ್ಗ ಆಕ್ದೆ ಕಟ್ತಾರೇನ್ರಪ್ಪಾ? ಇಬ್ರೂ ಓದ್ದೋರು ಬೇರೆ!"

"ಇವನು ಮರೆತ್ಬಿಟ್ಟ ಅಜ್ಜಿ," ಎಂದೆ.

ಗೆಳೆಯ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ.

ಅಜ್ಜಿ ಪಾತ್ರೆಯನ್ನು ಕೆಳಗಿಟ್ಟು, "ಇಳ್ಸಿ ಮತ್ತೆ. ನಾನು ಆ ಮೂಲೇಲಿ ಇಡ್ತಿರ್ತೀನಿ. ಸಂಡಿಗೆ ತುಳುದ್ರೆ ನೋಡಿ," ಎಂದರು.

ಕಂಬ ಇಳಿಸಿ, ಹಗ್ಗ ಹಾಕಿ, ಮತ್ತೆ ಎತ್ತುವಾಗ ಒಂಬತ್ತು ದಾಟಿತ್ತು. ಸಂಜೆ ರೇಡಿಯೊದಲ್ಲಿ ನನ್ನ ಮೊದಲ ಕರೆಗೆ ಯಾರೋ ಉತ್ತರಿಸಿದರು. ಡೈರಿಯಲ್ಲಿ ಅದೂ ಇದೆ, "ಹಗ್ಗ ಹಾಕಲು ಅವನು ಮರೆತ" ಎಂಬುದೂ ಇದೆ. ಹಗ್ಗ ಆಗ ಎಲ್ಲಿತ್ತು ಎಂಬುದು ಇಲ್ಲ.

ಕಳೆದ ತಿಂಗಳು ಫೋನಿನಲ್ಲಿ ಹಳೆಯ ಫೋಟೊಗಳನ್ನು ಅಳಿಸುವಾಗ, ಕಂಬ ಎತ್ತುವ ಮುಂಚೆ ಗೆಳೆಯ ತೆಗೆದು ಕಳಿಸಿದ್ದೊಂದು ಸಿಕ್ಕಿತು. ಹಗ್ಗದ ಸುರುಳಿ ನನ್ನ ಹೆಗಲ ಮೇಲಿದೆ. ಕೆಳಗಿಳಿದು ಅಜ್ಜಿಗೆ ತೋರಿಸಿದೆ. "ಅವತ್ತು ಮರೆತಿದ್ದು ನಾನು ಅಜ್ಜಿ."

ಅವರು ಫೋನಿನ ಕಡೆ ನೋಡಲೂ ಇಲ್ಲ. "ನಿನ್ ಎಗ್ಲ ಮೇಲೇ ಇತ್ತಲ್ಲಪ್ಪ, ನಂಗೆ ಕಾಣ್ಲಿಲ್ವಾ? ಆ ಉಡ್ಗ ಒಂದ್ ಮಾತು ಆಡ್ಲಿಲ್ಲ ನೋಡು, ಅದ್ಕೇ ನಿನ್ ಕಂಬ ಉಳೀತು." ಆಮೇಲೆ ಕೇಳಿದರು: "ಅವ್ನಿಗೇಳ್ದ್ಯಾ?"

ಇನ್ನೂ ಹೇಳಿರಲಿಲ್ಲ.