ಹೊಂಡದ ಮೆಟ್ಟಿಲ ಮೇಲೆ ಅತ್ತೆಯ ಚಪ್ಪಲಿ

ಚಿತ್ರದುರ್ಗದ ಕೋಟೆಯ ಹೊಂಡದ ಮೆಟ್ಟಿಲ ಮೇಲೆ ನಮ್ಮತ್ತೆಯ ಚಪ್ಪಲಿಗಳು ಮಾತ್ರ ಇದ್ದವು, ಅತ್ತೆ ಇರಲಿಲ್ಲ. ಮಾವನವರು ತೀರಿಕೊಂಡ ಮೇಲೆ ಅವರು ಸರಿಯಾಗಿ ಮಾತೇ ಆಡುತ್ತಿರಲಿಲ್ಲ. ಮೇಲಿನ ಅಮ್ಮನ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸೋಣವೆಂದು ಹೊಳಲ್ಕೆರೆಯಿಂದ ನಾನೇ ಹಟ ಮಾಡಿ ಕರೆತಂದಿದ್ದೆ. ಅವರನ್ನು ಹೊಂಡದ ಮೆಟ್ಟಿಲ ಮೇಲೆ ಕೂರಿಸಿ ಕುಡಿಯುವ ನೀರು ತರುವಷ್ಟರಲ್ಲಿ ಹೀಗಾಗಿತ್ತು.

ಹೊಂಡದ ಹಸಿರು ನೀರಿಗೆ ಬಗ್ಗಿ ನೋಡಿದೆ. "ಅತ್ತೇ" ಎಂದು ಕೂಗಿದೆ. ಗೋಡೆಯಾಚೆಯಿಂದ "ಓ" ಅಂದ ಹಾಗಾಯಿತು. ದನಿ ಬಂದತ್ತ ಓಡಿದರೆ, ಆ ಕೋಟೆಯ ದಾರಿ ತಿರುಗಿ ತಿರುಗಿ ನನ್ನನ್ನು ಬೇರೆ ಕಡೆಗೇ ಒಯ್ಯಿತು. ಮತ್ತೆ ಕೂಗಿದೆ, ಉತ್ತರ ಬರಲಿಲ್ಲ. ತಾಯಿ, ಕಾಪಾಡು ಎನ್ನುತ್ತ ಗೋಡೆಯನ್ನು ಪೂರ್ತಿ ಬಳಸಿ ಬಂದೆ.

ಆಚೆ ಬದಿಯ ಕೋಟೆ ಬಾಗಿಲ ಕಲ್ಲಿನಲ್ಲಿ ಕೆತ್ತಿದ ನಾಗಪ್ಪನಿಗೆ ಅತ್ತೆ ಬರಿಗಾಲಲ್ಲಿ ನಿಂತು ಹೂವು ಏರಿಸುತ್ತಿದ್ದರು.

"ಚಪ್ಲಿ ಅಲ್ಲ್ಯಾಕೆ ಬಿಟ್ರಿ? ನನ್ ಜೀವಾನೇ ಹೋಗಿತ್ತು" ಎಂದೆ.

"ನಾಗಪ್ಪನ ಮುಂದೆ ಚಪ್ಲಿ ಮೆಟ್ಕಂಡು ದಾಟ್ಲೇನೆ? ಕಾಲು ತೊಳ್ಕಂಡು ಬಂದೆ. ಕೈ ಮುಗಿಯಾಗ ಎಷ್ಟು ಸಲ ಓ ಅನ್ಲಿ?" ಎಂದವರು ನನ್ನ ಮುಖ ನೋಡಿ ಸೆರಗಿನಿಂದ ನನ್ನ ಹಣೆ ಒರೆಸಿದರು. "ಹೊಂಡಕ್ಕೆ ಬೀಳೋ ಅಷ್ಟೇನು ನಿನ್ ಸಾರು ಕೆಟ್ಟಿಲ್ಲ, ಬಿಡು."

ಈಗಲೂ ಅವರು ಬಚ್ಚಲಿಂದ ಬರುವುದು ತಡವಾದರೆ ಒಲೆ ಮುಂದಿನಿಂದಲೇ ಕೂಗುತ್ತೇನೆ. "ಏನೇ ನಿಂದು" ಎಂದು ರೇಗುತ್ತಾರೆ. ರೇಗಿದರಲ್ಲ, ದೇವರು ದೊಡ್ಡವನು ಎಂದುಕೊಂಡು ಒಗ್ಗರಣೆ ಹಾಕುತ್ತೇನೆ.