ಡಾಕ್ಟರ್ ಹೊರಗ ಬಂದ ಮ್ಯಾಲ ಕರಿ

ಕಳೆದ ವಾರ ಉಪ್ಪಿನಕಾಯಿಗೆಂದು ನಿಂಬೆಹಣ್ಣು ಹೆಚ್ಚುತ್ತಿದ್ದೆ. ಸಿಪ್ಪೆಯ ವಾಸನೆ ಮೂಗಿಗೆ ಬಡಿದದ್ದೇ ಎದುರುಮನೆಯ ಕಾಕು ನೆನಪಾದರು. ತೋಟದಿಂದ ಬಂದ ಕಾಯನ್ನು ಕಟ್ಟೆಯ ಮೇಲೆ ಹರವಿಕೊಂಡು ದಪ್ಪ, ಸಣ್ಣ ಎಂದು ಬೇರೆ ಮಾಡುತ್ತಿದ್ದ ಅವರ ಕೈಗೆ, ಸೆರಗಿಗೆ ಯಾವಾಗಲೂ ಅದೇ ವಾಸನೆ. ಆ ಕೈಯಲ್ಲೇ ಎದ್ದುಬಂದು ನಮ್ಮ ಟೀವಿ ಮುಂದೆ ಕೂಡುತ್ತಿದ್ದರು...

ನಮ್ಮವರಿಗೆ ಬ್ಯಾಂಕಿನ ಟ್ರಾನ್ಸ್‌ಫರ್ ಆಗಿ ಈ ಇಂಡಿ ಊರಿಗೆ ಬಂದ ಹೊಸತು. ಕೇಬಲ್ಲಿನಲ್ಲಿ ಮಧ್ಯಾಹ್ನ ಇಂಗ್ಲಿಷಿನ ಒಂದು ಮೆಡಿಕಲ್ ಡಾಕ್ಯುಮೆಂಟರಿ ಬರುತ್ತಿತ್ತು. ಯಾವುದೋ ದೇಶದ ಆಸ್ಪತ್ರೆ, ನಿಜವಾದ ಪೇಷಂಟು, ನಿಜವಾದ ಆಪರೇಷನ್. ನನಗೆ ಅದರ ಹುಚ್ಚು. ಕಾನ್ವೆಂಟಿನಲ್ಲಿ ಬಯಾಲಜಿಯ ಸಿಸ್ಟರ್ ಕಪ್ಪೆ ಕೊಯ್ದು ತೋರಿಸಿದಾಗ ಉಳಿದ ಹುಡುಗಿಯರು ಕಣ್ಣು ಮುಚ್ಚಿದರೆ, ನಾನು ಬೆಂಚು ಹತ್ತಿ ನೋಡಿದವಳು. ಡಾಕ್ಟರಾಗುವ ಆಸೆ ಮದುವೆಯಲ್ಲಿ ಮುಗಿಯಿತು. ಉಳಿದದ್ದು ಈ ಒಂದು ತಾಸು. ಬಡಿಯುವ ಹೃದಯವನ್ನು ಸರ್ಜನ್ ಅಂಗೈಯಲ್ಲಿ ಹಿಡಿದದ್ದನ್ನು ನೋಡುತ್ತ ಒಲೆಯ ಮೇಲಿನ ಹಾಲು ಮರೆಯುತ್ತಿದ್ದೆ.

ಕಾಕು ಬರುತ್ತಿದ್ದದ್ದೂ ಆ ತಾಸಿಗೇ. ಆದರೆ ಸರ್ಜನ್ ಕತ್ತರಿ ಕೈಗೆತ್ತಿಕೊಳ್ಳುತ್ತಲೇ ಇವರು ಎದ್ದು ನಮ್ಮ ಹಿತ್ತಲಿಗೆ ಹೋಗಿಬಿಡುವರು. ಹೋಗುವಾಗ ಅದೇ ಮಾತು: "ಡಾಕ್ಟರ್ ಹೊರಗ ಬಂದ ಮ್ಯಾಲ ಕರಿ, ತಂಗಿ."

ಸರ್ಜನ್ ಮಾಸ್ಕ್ ತೆಗೆದು, ಕಾರಿಡಾರಿನಲ್ಲಿ ಕಾದಿದ್ದ ಪೇಷಂಟಿನ ಹೆಂಡತಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಒಳಗೆ ಏನಾಯಿತೆಂದು ಹಾಳೆಯ ಮೇಲೆ ಚಿತ್ರ ಬರೆದು ಹೇಳುತ್ತಾನಲ್ಲ, ಅವರಿಗೆ ಬೇಕಾದದ್ದು ಅದು. ನನ್ನ ಪಾಲಿಗೆ ಪರಮ ಬೋರಿಂಗ್ ಭಾಗ. ಕಾಕು ಮಾತ್ರ ಮುಂದೆ ಬಾಗಿ ನೋಡುವರು. ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳಬೇಕು. ಅವನು ಏನಂದ, ಆಕೆ ಏನು ಕೇಳಿದಳು, ಸಿಟ್ಟಾಗದೆ ಉತ್ತರ ಕೊಟ್ಟನೇ... ನಡುವೆ ಜಾಹೀರಾತು ಬಂದರೆ ನನ್ನ ಮೇಲೆ ಮುನಿಸು, ನಾನೇ ಹಾಕಿಸಿದ ಹಾಗೆ. ಡಾಕ್ಟರ್ ಹೊರಬರುವುದರೊಳಗೆ ಇವರನ್ನು ಕರೆತರಲು ಎದ್ದು ಹೋಗಿ ಎಷ್ಟು ಆಪರೇಷನ್ನುಗಳ ಕೊನೆಯ ಹೊಲಿಗೆ ತಪ್ಪಿಸಿಕೊಂಡೆನೋ. ಹೋಪ್‌ಲೆಸ್ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ಮುಖ್ಯವಾದದ್ದು ಬಿಟ್ಟು ಇದನ್ನೇನು ನೋಡುತ್ತೀರಿ ಎಂದು.

"ನನಗ ಇದ ಮುಖ್ಯ," ಅಂದರು.

ಆಮೇಲೆ ನಿಧಾನವಾಗಿ ಹೇಳಿದರು. ಹಿಂದೆ ಗಂಡನನ್ನು ಹೊಟ್ಟೆನೋವೆಂದು ಸೊಲ್ಲಾಪುರದ ಒಂದು ದವಾಖಾನೆಗೆ ಒಯ್ದಿದ್ದರಂತೆ. ಗಂಡಸರು ಒಳಗೆ, ಹೆಂಗಸರು ಹೊರಗೆ ಬೇವಿನ ಗಿಡದ ಕೆಳಗೆ. ಡಾಕ್ಟರು ಮೈದುನನನ್ನು ಕರೆದು ಏನೋ ಹೇಳಿದರು. ಮೈದುನ ಬಂದು, ಡಿಸ್ಚಾರ್ಜ್ ಆಯಿತು, ಮನೆಗೆ ಹೋಗೋಣ ಎಂದ. ಜೀಪಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿದ್ದೆ ಕೆಡದಿರಲೆಂದು ದಾರಿಯುದ್ದಕ್ಕೂ ಗಾಳಿಗೆ ಸೆರಗು ಅಡ್ಡ ಹಿಡಿದಿದ್ದರಂತೆ. ಮೈ ತಣ್ಣಗಿದೆಯಲ್ಲ ಎಂದರೆ, ಇಂಜೆಕ್ಷನ್ ಕೊಟ್ಟಿದ್ದಾರೆ ಎಂದನಂತೆ. ಮನೆಯ ಮುಂದೆ ಮಂದಿ ನೆರೆದದ್ದು ಕಂಡಾಗಲೇ ತಿಳಿದದ್ದು...

ಈ ಕಡೆ ಹೀಗೇ. ದಾರಿಯಲ್ಲಿ ಅಳಬಾರದೆಂದು, ಮನೆ ಮುಟ್ಟುವವರೆಗೆ ಸಾವಿನ ಸುದ್ದಿ ಹೆಂಗಸರಿಗೆ ಹೇಳುವುದಿಲ್ಲ. ಆದರೆ ಮನೆ ಮುಟ್ಟಿದ ಮೇಲೂ ಏನಾಗಿತ್ತೆಂದು ಯಾರೂ ಹೇಳಲಿಲ್ಲ. ಕೇಳಿದಾಗಲೆಲ್ಲ ಮೈದುನನದು ಒಂದೇ ಉತ್ತರ: "ಆಗಿದ್ದ ಆಗಿ ಹೋತು ವೈನಿ, ಈಗ ತಿಳ್ಕೊಂಡ ಏನ್ ಮಾಡ್ತೀರಿ?" ಅವನೂ ತೀರಿಕೊಂಡ ಮೇಲೆ ಕೇಳಲಿಕ್ಕೂ ಯಾರೂ ಉಳಿಯಲಿಲ್ಲ.

ಕೆಲವು ವರ್ಷಗಳ ನಂತರ ಕಾಕು ಹಾಸಿಗೆ ಹಿಡಿದರು. ಮೈದುನನ ಮಗ ಸೊಲ್ಲಾಪುರಕ್ಕೆ ಒಯ್ಯುವಾಗ, ಹಟ ಮಾಡಿ ನನ್ನನ್ನೂ ಗಾಡಿ ಹತ್ತಿಸಿಕೊಂಡರು. ಡಾಕ್ಟರನ್ನು ಬಿಡದೆ ಕೇಳಿ ಬಂದು ತಮಗೆ ಹೇಳಬೇಕು. ನನ್ನ ಕೆಲಸ ಅಷ್ಟೇ. ಟೆಸ್ಟುಗಳೆಲ್ಲ ಮುಗಿದು ಡಾಕ್ಟರು ಹೊರಬಂದರು. ಗಂಡಸರು ಯಾರಿದ್ದೀರಿ ಎಂದು ಇಂಗ್ಲಿಷಿನಲ್ಲೇ ಕೇಳಿದರು. ನಾನು ಬೆಂಚಿನಿಂದ ಎದ್ದು ನಿಂತು, ಡಾಕ್ಟರ್, ಪ್ಲೀಸ್ ಟೆಲ್ ಮಿ, ಐ ಆಮ್ ಹರ್ ಸಿಸ್ಟರ್ ಎಂದೆ.

"ಇವ್ರು ಎದುರುಮನಿಯವ್ರು ಅದಾರ್ರಿ ಸರ್," ಎಂದ ಮೈದುನನ ಮಗ ಹಿಂದಿನಿಂದ.

ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟು ಕಿಟಕಿಯ ಹತ್ತಿರ ಕರೆದೊಯ್ದರು. ಅವನು ತಲೆಯಾಡಿಸುವುದು ಕಂಡಿತು, ಮಾತು ಕೇಳಿಸಲಿಲ್ಲ. ಐ ವಾಸ್ ಫ್ಯೂರಿಯಸ್. ತಿರುಗಿ ಬಂದವನು, ಮನೆಗೆ ಕರೆದುಕೊಂಡು ಹೋಗಬೇಕಂತೆ ಎಂದಷ್ಟೇ ಹೇಳಿದ.

ಗಾಡಿಯಲ್ಲಿ ಕಾಕು ನನ್ನ ಕೈ ಹಿಡಿದರು. "ಏನಂದ ಡಾಕ್ಟರ್?"

"ನನಗೂ ಹೇಳಲಿಲ್ಲ, ಕಾಕು."

"ಇಂಗ್ಲಿಷಿನ್ಯಾಗ ಕೇಳಿದಿ?"

"ಇಂಗ್ಲಿಷಿನ್ಯಾಗ ಕೇಳಿದೆ."

"ಹಂಗಾರ ನೀನೂ ನನ್ನ ಜೋಡಿ ಬೇವಿನ ಗಿಡದ ಬುಡಕ್ಕ ಕುಂತಂಗಾತು ಬಿಡು," ಎಂದು ಕಣ್ಣು ಮುಚ್ಚಿದರು. ವಾರ ಕಳೆಯುವುದರೊಳಗೆ ಹೋದರು...

ಸಿಂದಗಿಗೆ ಹೋಗಿ ನೆಲೆಸಿದ್ದ ಆ ಮೈದುನನ ಮಗ ಮೊನ್ನೆ ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಅವನ ತಲೆಯೂ ಈಗ ಬೆಳ್ಳಗಾಗಿದೆ. ನನ್ನ ಚೀಲ ತಾನೇ ಎತ್ತಿಕೊಂಡು ನೆರಳಿಗೆ ಕೂಡಿಸಿದ. ಇಷ್ಟು ವರ್ಷದ ಸಿಟ್ಟನ್ನು ನುಂಗಿಕೊಂಡು ಕೇಳಿದೆ, ಅವತ್ತು ಕಿಟಕಿಯ ಹತ್ತಿರ ಡಾಕ್ಟರು ಏನು ಹೇಳಿದರಪ್ಪಾ ಎಂದು. ಅಪ್ಪನ ಉತ್ತರವನ್ನೇ ಕೊಡುತ್ತಾನೆ ಅಂದುಕೊಂಡಿದ್ದೆ. ಅವನು ನೆಲ ನೋಡಿದ.

"ಖರೇ ಹೇಳಬೇಕಂದ್ರ ಆಂಟಿ, ಮನಿಗೆ ಕರ್ಕೊಂಡ ಹೋಗ್ರಿ ಅನ್ನೂದೊಂದ ಬಿಟ್ರ ಅವ್ರ ಇಂಗ್ಲಿಷ್ ನನಗ ತಿಳಿಲಿಲ್ರಿ. ಅಷ್ಟ ಮಂದಿ ಮುಂದ ಹೆಂಗ ಹೇಳ್ಲಿ? ಹೂಂ ಹೂಂ ಅಂದು ಬಂದೆ."

ಸಿಂದಗಿ ಬಸ್ಸು ಬಂತು, ಅವನು ಹತ್ತಿ ಹೋದ. ಅವನ ಅಪ್ಪನೂ ಹಾಗೆಯೇ ಹೂಂ ಅಂದು ಬಂದಿದ್ದನೇನೋ. ಮುಚ್ಚಿಡುತ್ತಿದ್ದಾರೆಂದು ನಾನೂ ಕಾಕುವೂ ಸಿಟ್ಟು ಮಾಡಿಕೊಂಡದ್ದೇ ಬಂತು. ಅವರ ಹತ್ತಿರ ಮುಚ್ಚಿಡಲು ಏನೂ ಇರಲಿಲ್ಲ. ಆ ಇಂಗ್ಲಿಷ್ ತಿಳಿಯುವವಳನ್ನು ಮಾತ್ರ ಬೆಂಚಿನ ಮೇಲೆ ಕೂಡಿಸಿದ್ದರು. ಕಾಕು ಏನಾಗಿ ಸತ್ತರೆಂದು ಈಗ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.