ತಕರಾರಿಲ್ಲದ ಚಾಳ

ಮಾಳಿಂಗರಾಯನಿಗೆ ನಳ ಬಿಗಿಯಲು ಬರುತ್ತಿರಲಿಲ್ಲ, ಸೋರುವ ಮಾಳಿಗೆಗೆ ಮಣ್ಣು ಮೆತ್ತಲೂ ಬರುತ್ತಿರಲಿಲ್ಲ. ಆದರೂ ಇಡೀ ರಬಕವಿಯಲ್ಲಿ ಅವನಂಥ ಮ್ಯಾನೇಜರ್ ಇನ್ನೊಬ್ಬನಿಲ್ಲ ಎಂದು ಬಸಗೊಂಡಪ್ಪ ಸಾವಕಾರರು ಸಾಂಗಲಿಯಲ್ಲಿ ಕೂತು ಹೊಗಳುತ್ತಿದ್ದರು. ಕಾರಣ ಇಷ್ಟೇ. ಅವರ ಚಾಳಿನಿಂದ ವರ್ಷಗಟ್ಟಲೆ ಒಂದೇ ಒಂದು ತಕರಾರು ಅವರ ಕಿವಿಗೆ ಬಿದ್ದಿರಲಿಲ್ಲ.

ಚಾಳೆಂದರೆ ಒಂದೇ ಸಾಲಿನ ಎಂಟು ಬಾಡಿಗೆ ಮನೆ. ಹಿಂದೆ ಸಾವಕಾರರದೇ ಪವರ್‌ಲೂಮಿನ ಶೆಡ್ಡು. ಶೆಡ್ಡಿಗೂ ಮನೆಗಳಿಗೂ ನಡುವೆ ಒಂದೇ ಹಳೇ ಮಣ್ಣಿನ ಗೋಡೆ. ಬಾಡಿಗೆದಾರರೆಲ್ಲ ಆ ಶೆಡ್ಡಿನಲ್ಲೇ ಸೀರೆ ನೇಯುವವರು. ಕೊನೆಯ ಮನೆಯಲ್ಲಿ ಮಾಳಿಂಗರಾಯ, ಅವನ ಹೆಂಡತಿ ಹಣಮವ್ವ. ಅವರಿಗೆ ಬಾಡಿಗೆ ಇಲ್ಲ. ತಕರಾರು ಕೇಳುವುದೇ ಬಾಡಿಗೆ.

ಮೊದಮೊದಲು ಪಾಪ, ಕೇಳಿ ಕೇಳಿ ಸಾಕಾಗಿಹೋಗಿತ್ತು. ಒಬ್ಬರದು ಮುಗಿಯುವಷ್ಟರಲ್ಲಿ ಇನ್ನೊಬ್ಬರು ಕಟ್ಟೆಗೆ ಬಂದು ಕೂರುತ್ತಿದ್ದರು. ಆಗಲೇ ಅವನಿಗೆ ಕುರಿ ಕಾಯುವ ತನ್ನ ಹಾಲುಮತದವರ ಮನೆಯ ಹಳೇ ಪದ್ಧತಿ ನೆನಪಾದದ್ದು. ಬೀರಪ್ಪನ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಮುಟ್ಟಿ ಆಡಿದ ಮಾತು ಸುಳ್ಳಾಗಬಾರದು. ಕುರಿ ಕಳುವಾದಾಗ ಅವನ ಅಪ್ಪ ಇದನ್ನೇ ಮಾಡುತ್ತಿದ್ದ. ಕುರಿಗೆ ಆಗುವುದು ನಳಕ್ಕೆ ಯಾಕಾಗಬಾರದು?

ಬಾಡಿಗೆದಾರ ಸಿದರಾಯ ಬಂದ. "ಮಾಳಿಂಗಣ್ಣ, ಮಾಳಿಗಿ ಸೋರಾಕತ್ತೈತಿ. ರಾತ್ರಿ ಕೊಡಗಟ್ಟಲೆ ನೀರು ಹೊರಗ ಚೆಲ್ಲೇವಿ!"

ಮಾಳಿಂಗರಾಯ ಸಾವಕಾಶ ಸೊಂಟದಿಂದ ಭಂಡಾರದ ಚೀಲ ಬಿಚ್ಚಿ ಮುಂದೆ ಹಿಡಿದ. "ಕೊಡಗಟ್ಟಲೆ? ಮುಟ್ಟಿ ಹೇಳು."

ಸಿದರಾಯ ಕೈ ಹಿಂದಕ್ಕೆಳೆದುಕೊಂಡ. "ಕೊಡಾ ಅಂದ್ರ... ತಂಬಿಗಿ ಅನ್ನು."

"ತಂಬಿಗಿ ನೀರಿಗೆ ಸಾವಕಾರ್ರನ್ನ ಸಾಂಗಲಿಯಿಂದ ಕರಸೂಣೇನು?"

ಆತು. ಒಂದು ತಕರಾರು ಖಲಾಸ್. ಹೀಗೆ ಒಂದೊಂದೇ ಕರಗಿದವು. ಬಣ್ಣ ಕಟ್ಟದೆ ತಕರಾರು ಹೇಳುವ ಮನುಷ್ಯ ಎಲ್ಲಿದ್ದಾನೆ ಹೇಳಿ? ಕೊನೆಗೆ ಜನ ಕಟ್ಟೆ ಹತ್ತುವುದನ್ನೇ ಬಿಟ್ಟರು. ಮಾಳಿಂಗರಾಯ ಮೀಸೆ ತಿರುವಿಕೊಂಡು, "ನಮ್ಮ ಚಾಳದಾಗ ಎಲ್ಲಾ ಛಲೋ ಐತ್ರಿ ಸಾವಕಾರ್ರ" ಎಂದು ಫೋನಿನಲ್ಲಿ ಹೇಳುತ್ತಿದ್ದ.

ಶಂಕ್ರೆವ್ವ ಒಬ್ಬಳು ಬಗ್ಗಲಿಲ್ಲ. ಬೀಳಗಿ ಕಡೆಯವಳು. ಆಣೆಕಟ್ಟಿನ ಹಿನ್ನೀರಿಗೆ ಊರು ಮುಳುಗಿ, ಗಂಟುಮೂಟೆ ಕಟ್ಟಿಕೊಂಡು ಬಂದು ಇಲ್ಲಿ ಬೇರೂರಿದ ವಿಧವೆ. ಒಂದು ದಿನ ನೆಟ್ಟಗೆ ಬಂದವಳೇ ಅವನು ಕೇಳುವ ಮೊದಲೇ ಚೀಲ ತೆಗೆಸಿ ಭಂಡಾರ ಮುಟ್ಟಿದಳು. "ನಮ್ಮ ಹಿಂದಿನ ಗ್ವಾಡಿ ಬಿರದೈತಿ. ಬಿರುಕಿನ್ಯಾಗ ನನ್ನ ಕೈ ಹೊಕ್ಕತೈತಿ. ಇದರಾಗ ಸುಳ್ಳಿದ್ರ ಬೀರಪ್ಪ ನೋಡಕೊಳ್ಳಲಿ."

ಮಾಳಿಂಗರಾಯ ಹೋಗಿ ನೋಡಿದ. ಅವನ ಕೈಯೇ ಹೊಕ್ಕಿತು. ಅಂದೇ ಸಾಂಗಲಿಗೆ ಫೋನು ಮಾಡಿದ. ಸಾವಕಾರರು "ನೋಡೂಣ ತಗೊ" ಎಂದರು. ಮುಂದಿನ ಸಲವೂ ಅದೇ ಮಾತು. ಖರೆ ಆಣೆಗೂ ಸುಳ್ಳು ಆಣೆಗೂ ಸಾಂಗಲಿಯಲ್ಲಿ ಒಂದೇ ಬೆಲೆ ಎಂದು ಅವನಿಗೆ ತಿಳಿದದ್ದು ಆಗಲೇ. ತಿಳಿದು ಮಾಡಿದ್ದೇನು? ಬಿರುಕಿನ ಮೇಲೆ ಒಂದು ಕ್ಯಾಲೆಂಡರು ತೂಗುಹಾಕಲು ಹೇಳಿ ಬಂದ.

ಹೀಗಿರುವಾಗ ಪಕ್ಕದ ಓಣಿಯಲ್ಲಿ ಒಂದು ಹಳೇ ಮನೆ ಕುಸಿಯಿತು. ಮಳೆಗಾಲದ ಮುಂಚೆ ಎಲ್ಲ ಹಳೇ ಮನೆ ನೋಡಿ, ಅಪಾಯವಿದ್ದರೆ ಖಾಲಿ ಮಾಡಿಸಬೇಕೆಂದು ನಗರಸಭೆಯ ಒಬ್ಬ ಸಾಹೇಬರು ಓಣಿ ಓಣಿ ತಿರುಗತೊಡಗಿದರು. ಒಂದು ಗೋಡೆ ಕೆಟ್ಟರೂ ಇಡೀ ಸಾಲು ಖಾಲಿ. ಸುದ್ದಿ ಕೇಳಿದ್ದೇ ಚಾಳಿನಲ್ಲಿ ಪವಾಡ ನಡೆದುಬಿಟ್ಟಿತು. ಸೋರುವ ಮಾಳಿಗೆಗಳೆಲ್ಲ ಒಂದೇ ದಿನದಲ್ಲಿ ಗಟ್ಟಿಯಾದವು! ಸಿದರಾಯನಂತೂ "ನಮ್ಮ ಮನ್ಯಾಗ ಹನಿ ನೀರು ಸೋರಂಗಿಲ್ರಿ ಸಾಹೇಬ್ರ, ಅರಮನಿ ಇದ್ದಂಗೈತಿ" ಎಂದ. ಈ ಬಾಡಿಗೆಗೆ, ಮಗ್ಗದ ಹತ್ತಿರ, ಇನ್ನೊಂದು ಮನೆ ಎಲ್ಲಿ ಸಿಗಬೇಕು? ಮಾಳಿಂಗರಾಯನಿಗೂ ಒಳಗೊಳಗೇ ಖುಷಿ. ಚಾಳ ಖಾಲಿಯಾದರೆ ಅವನೂ ಹಣಮವ್ವನೂ ಬೀದಿಯಲ್ಲೇ.

ಶಂಕ್ರೆವ್ವನ ಮನೆಯಲ್ಲಿ ಮಗಳು ಮನೀಷಾ ಬಾಣಂತಿಯಾಗಿ ತವರಿಗೆ ಬಂದಿದ್ದಳು. ಹಿಂದಿನ ಗೋಡೆಗೆ ಟ್ರಂಕು ಒಟ್ಟಿ, ಮೇಲೆ ಕೌದಿ ಪೇರಿಸಿ, ಅದರ ಪಕ್ಕದಲ್ಲೇ ಕೂಸಿನ ತೊಟ್ಟಿಲು ಕಟ್ಟಿದ್ದರು. ಬಾಣಂತಿ ಕೋಣೆಯೆಂದು ಸಾಹೇಬರು ಹೊಸ್ತಿಲಲ್ಲೇ ನಿಂತರು.

"ಗ್ವಾಡಿ ಹೆಂಗೈತವ್ವ?"

"ಕಬ್ಬಿಣಾರಿ ಸಾಹೇಬ್ರ" ಎಂದಳು ಶಂಕ್ರೆವ್ವ. ಮುಖ ಮಾತ್ರ ಮಾಳಿಂಗರಾಯನ ಕಡೆ ತಿರುಗಿಸಲಿಲ್ಲ.

"ಮ್ಯಾನೇಜರ್, ನಿಮ್ಮ ಕಡೆಯಿಂದ ಏನಾದ್ರೂ ತಕರಾರು?"

ಇಷ್ಟು ವರ್ಷ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂತು. ಹಿಂದಿನ ಶೆಡ್ಡಿನ ಮಗ್ಗಗಳೆಲ್ಲ ಒಮ್ಮೆಲೇ ಹೊಡೆದುಕೊಂಡವು. ಗೋಡೆ ನಡುಗಿತು. ಕೌದಿಗಳ ಮೇಲಿಂದ ಒಂದು ಹಿಡಿ ಮಣ್ಣು ಜಾರಿ ತೊಟ್ಟಿಲಿಗೆ ಬಿತ್ತು, ಕೂಸು ಸೀನಿತು. ಅಷ್ಟು ಸಣ್ಣ ಸೀನಿಗೆ ಅಷ್ಟು ಹೆದರಿಕೆಯಾಗುತ್ತದೆಂದು ಮಾಳಿಂಗರಾಯನಿಗೇ ಗೊತ್ತಿರಲಿಲ್ಲ.

ಅವನು ಸೊಂಟದ ಚೀಲಕ್ಕೆ ಕೈಹಾಕಿ ಭಂಡಾರ ಹಣೆಗೆ ಹಚ್ಚಿಕೊಂಡ. "ಬೀರಪ್ಪನಾಣಿ ಸಾಹೇಬ್ರ, ಈ ಗ್ವಾಡಿ ಈ ಮಳಿಗಾಲದಾಗ ಬೀಳತೈತಿ. ಟ್ರಂಕು ಸರಸಿ ನೋಡ್ರಿ."

ಟ್ರಂಕು ಸರಿಯಿತು. ಎಂಟೂ ಮನೆಗೆ ನೋಟಿಸು ಬಂತು.

ಸಾಂಗಲಿಯಿಂದ ಫೋನು ಬಂದಾಗ ಅವನು ಬೈಗುಳಕ್ಕೆ ತಯಾರಾಗಿ ನಿಂತಿದ್ದ. ಸಾವಕಾರರೋ ನಗುತ್ತಿದ್ದರು. "ಶಾಬಾಸ್ ಲೇ ಮಾಳಿಂಗ್ಯಾ! ಈ ಮಂದೀನ ಎಬ್ಬಿಸಿ ಅಂಗಡಿ ಸಾಲು ಕಟ್ಟಬೇಕಂತ ಎಷ್ಟು ವರ್ಷದಿಂದ ದಾರಿ ನೋಡಾಕತ್ತಿದ್ದೆ. ಒಂದ ಮಾತಿನ್ಯಾಗ ಮುಗಿಸಿದಿ ನೋಡು." ಗೋಡೆಗೆ ಒಂದು ಹೆಡಿಗೆ ಮಣ್ಣೂ ಯಾಕೆ ಹಾಕಿಸಲಿಲ್ಲವೆಂದು ಅವನಿಗೆ ಈಗ ಹೊಳೆಯಿತು. ಫೋನು ಇಟ್ಟು ಹೆಂಡತಿಗೆ ಎಲ್ಲ ಹೇಳಿದ. ಹಣಮವ್ವ ಪಾತ್ರೆ ಕಟ್ಟುತ್ತ, "ತಕರಾರು ಕೇಳು ಅಂತ ನಿನ್ನ ಇಟ್ಟಿದ್ರು, ಹೇಳು ಅಂತಲ್ಲ" ಎಂದಳು.

ಟೆಂಪೋಕ್ಕೆ ಸಾಮಾನು ಹೇರುವಾಗ ಯಾರೂ ಅವನ ಮುಖ ನೋಡಲಿಲ್ಲ. ಶಂಕ್ರೆವ್ವ ಮಾತ್ರ ಎದುರಿಗೆ ಬಂದು ನಿಂತಳು. "ಒಮ್ಮೆ ಹೊಳಿ ಎಬ್ಬಿಸ್ತು. ಈಗ ನೀ ಎಬ್ಬಿಸಿದಿ. ಹೊಳಿಗಾದ್ರ ಕಣ್ಣಿರಲಿಲ್ಲ."

ಆ ವರ್ಷದ ಮಳೆ ನಿಮಗೂ ನೆನಪಿದ್ದೀತು. ಬಿಡದೆ ಹೊಯ್ದ ಮೂರನೆಯ ದಿನ ಗೋಡೆ ಉದ್ದಕ್ಕೂ ಮಲಗಿತು. ತೊಟ್ಟಿಲು ತೂಗಿದ್ದ ಜಾಗದಲ್ಲಿ ಎದೆಮಟ್ಟ ಮಣ್ಣು. ಇನ್ನಾದರೂ ನಾಲ್ಕು ಜನ ತನ್ನ ಬಗ್ಗೆ ಒಳ್ಳೆಯ ಮಾತಾಡಿಯಾರು ಎಂದು ಮಾಳಿಂಗರಾಯ ಆಸೆಪಟ್ಟಿದ್ದರೆ ತಪ್ಪೇನಿಲ್ಲ.

ಬನಹಟ್ಟಿಯ ಸಂತೆಯಲ್ಲಿ ಶಂಕ್ರೆವ್ವ ಸಿಕ್ಕಳು. ಸೊಂಟದ ಮೇಲೆ ಕೂಸು, ಗುಂಡುಗುಂಡಗೆ, ಬಾಯ್ತುಂಬ ಜೊಲ್ಲು.

"ಗ್ವಾಡಿ ಬಿತ್ತಂತಲ್ಲ ಬೇ" ಎಂದ ಇವನು, ಮೆಲ್ಲಗೆ.

"ಬೀಳದ ಏನ್ ಮಾಡೀತು?" ಶಂಕ್ರೆವ್ವ ಉರಿದುಬಿದ್ದಳು. "ಅಜ್ಜ ಮುತ್ತಜ್ಜನ ಕಾಲದಿಂದ ನಿಂತ ಗ್ವಾಡಿ! ನೀ ಭಂಡಾರ ಹಚಕೊಂಡು ಬೀಳತೈತಿ ಅಂದಿ. ಬೀರಪ್ಪಗ ನಿನ್ನ ಮಾತು ಖರೆ ಮಾಡಬೇಕಾತು. ನೀ ಸುಮ್ಮನಿದ್ದಿದ್ರ ಇವತ್ತೂ ನಿಂತಿರತಿತ್ತು, ನಾವೂ ಅದರ ಬುಡಕ ಇರತಿದ್ವಿ!"

ಮಾಳಿಂಗರಾಯ ಭಂಡಾರದ ಚೀಲ ತೆಗೆಯಲಿಲ್ಲ, ಮುಟ್ಟಿ ಹೇಳು ಎನ್ನಲಿಲ್ಲ. ಕೂಸಿನ ಜೊಲ್ಲನ್ನು ತನ್ನ ಟವೆಲ್ಲಿನ ಅಂಚಿನಿಂದ ಒರೆಸಿದ.

"ಖರೆ ಐತಿ ಯವ್ವಾ" ಎಂದ. "ತಪ್ಪಾತು."

ಅಷ್ಟು ವರ್ಷದಲ್ಲಿ ಅವನು ಆಣೆಯಿಲ್ಲದೆ ಒಪ್ಪಿಕೊಂಡ ತಕರಾರು ಅದೊಂದೇ.